ಎದುರಿನವರ ಅಂಗಾಲು

ಗಲಾಟೆಯಾದ ಮರುವಾರ, ಮಂಗಳವಾರ ಬೆಳಿಗ್ಗೆ, ಎಂದಿನಂತೆ ನೀರು ಕುದಿಸಿ ಆರಲು ಇಟ್ಟೆ. ಸ್ಟೂಲುಗಳನ್ನು ಎದುರುಬದುರು ಜೋಡಿಸಿದೆ. ಚರ್ಚಿನ ಪಕ್ಕದ ಮೀಟಿಂಗ್ ಹಾಲಿನ ಎರಡೂ ಬಾಗಿಲು ತೆಗೆದು ಕೂತೆ. ಯಾರೂ ಬರಲಿಲ್ಲ. ಮೊಣಕೈ ಅದ್ದಿ ನೋಡಿದೆ, ನೀರು ಹದವಾಗಿತ್ತು. ಅದು ಪೂರ್ತಿ ತಣ್ಣಗಾಗುವವರೆಗೂ ಕೂತಿದ್ದು, ಕೊನೆಗೆ ಗುಲಾಬಿ ಗಿಡದ ಬುಡಕ್ಕೆ ಚೆಲ್ಲಿ ಬೀಗ ಹಾಕಿದೆ.

ನಾನು ರಿಟೈರ್ಡ್ ನರ್ಸ್. ಹೆಗ್ಗಡದೇವನಕೋಟೆಯಲ್ಲಿ, ನಾವೆಲ್ಲ ಬರೀ ಕೋಟೆ ಎನ್ನುವ ಊರಿನಲ್ಲಿ, ವಾರಕ್ಕೆರಡು ದಿನ ಶುಗರ್ ಇರುವವರ ಕಾಲು ನೋಡುವುದು ನನ್ನ ಕೆಲಸ. ಶುಗರ್ ಹಳೆಯದಾದರೆ ಪಾದದ ನರಗಳು ಜಡವಾಗುತ್ತವೆ. ಮುಳ್ಳು ಮುರಿದು ಒಳಗೆ ಉಳಿದರೂ, ಚಪ್ಪಲಿಯೊಳಗೆ ಹರಳು ಸೇರಿಕೊಂಡು ದಿನವಿಡೀ ಒತ್ತಿದರೂ ಗೊತ್ತಾಗುವುದಿಲ್ಲ. ಜನ "ನೋವೇ ಇಲ್ಲ ಸಿಸ್ಟರಮ್ಮ" ಎಂದು ಖುಷಿಯಿಂದ ಹೇಳುತ್ತಾರೆ. ನೋವಿಲ್ಲದಿರುವುದೇ ಇಲ್ಲಿ ಪ್ರಾಬ್ಲಂ ಎಂದು ಅವರಿಗೆ ತಿಳಿಸಿ ಹೇಳುವುದರಲ್ಲೇ ನನ್ನ ಅರ್ಧ ಉಸಿರು ಹೋಗಿದೆ.

ನೋವು ಹೇಳದಿದ್ದರೆ ಕಣ್ಣು ಹೇಳಬೇಕು. ಆದರೆ ಅಂಗಾಲನ್ನು ತಾವೇ ನೋಡಿಕೊಳ್ಳಲು ಅವರಿಗೆ ಬಗ್ಗಲು ಆಗುವುದಿಲ್ಲ, ಬಗ್ಗಿದರೂ ಶುಗರ್ ಅಷ್ಟು ಹೊತ್ತಿಗೆ ಕಣ್ಣಿಗೂ ಕೈ ಹಾಕಿರುತ್ತದೆ. ಅದಕ್ಕೇ ನಾನು ಜೋಡಿಗಳನ್ನು ಮಾಡಿದ್ದೆ. ಇಬ್ಬರು ಎದುರುಬದುರು ಕೂರಬೇಕು. ಒಬ್ಬರ ಕಾಲು ಇನ್ನೊಬ್ಬರ ಮಡಿಲಿಗೆ. ಇವರು ಅವರ ಅಂಗಾಲು ನೋಡಿ ಕೆಂಪಿದೆಯೇ, ಬಿರುಕಿದೆಯೇ, ಗುಳ್ಳೆ ಎದ್ದಿದೆಯೇ ಎಂದು ಗಟ್ಟಿಯಾಗಿ ಹೇಳಬೇಕು. ಆಮೇಲೆ ಅವರು ಇವರದನ್ನು. ಅದಾದ ಮೇಲೆ ನಾನು ತೊಳೆದು, ಬೆರಳ ಸಂದಿಯ ನೀರು ಒರೆಸಿ, ಬೇಕಾದವರಿಗೆ ಡ್ರೆಸ್ಸಿಂಗ್ ಮಾಡುತ್ತಿದ್ದೆ.

ಹೇಳಲು ಸುಲಭ. ನಮ್ಮಲ್ಲಿ ಕಾಲು ಎಂದರೆ ಏನು ಎನ್ನುವುದು ಎಲ್ಲರಿಗೂ ಗೊತ್ತು. ಬಸ್ಸಿನಲ್ಲಿ ಅಪರಿಚಿತರಿಗೆ ಕಾಲು ತಾಗಿದರೂ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಅಂಥವರಿಗೆ ಇನ್ನೊಬ್ಬರ ತೊಡೆಯ ಮೇಲೆ ಕಾಲಿಡಿ ಎಂದರೆ? ಮೊದಲ ದಿನ ಎಲ್ಲರೂ ನೆಲ ನೋಡುತ್ತ ಕೂತಿದ್ದರು. ಆಗ ಧೈರ್ಯ ಮಾಡಿದವರು ಇಬ್ಬರು.

ಒಬ್ಬರು ಗೊಬ್ಬರ, ಬೀಜದ ಅಂಗಡಿ ಇಟ್ಟಿರುವ ಸಾಹುಕಾರರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಬಾಯಲ್ಲಿ ಸದಾ ಚೇಷ್ಟೆ. ಎಡಗಾಲಿನ ಬೆರಳುಗಳನ್ನು ಆಗಲೇ ಕಳೆದುಕೊಂಡಿದ್ದರು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಒಂದು ಹುಣ್ಣು ವಾಸಿಯಾಗುವುದು, ಮತ್ತೆ ಬಾಯಿ ಬಿಡುವುದು ಮಾಡುತ್ತಿತ್ತು. ಈ ಸಲ ಕೀವು ಮೂಳೆಗಿಳಿದು ಮೇಲೆ ಹತ್ತಿದರೆ ಮೊಣಕಾಲ ಕೆಳಗೆ ಕತ್ತರಿಸುವುದೇ ದಾರಿ ಎಂದು ಮೈಸೂರಿನ ಸರ್ಜನ್ ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದರು. ಇನ್ನೊಬ್ಬರು ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದ ಡ್ರೈವರ್ ಸಾಹೇಬರು. ಮೈಸೂರಿಗೂ ಮಾನಂದವಾಡಿಗೂ ಜೀವಮಾನವೆಲ್ಲ ಓಡಾಡಿದವರು.

ಡ್ರೈವರ್ ಸಾಹೇಬರ ಕಾಲು ಎಷ್ಟು ಜಡವೆಂದರೆ, ಸ್ಟೂಲಿನಿಂದ ಏಳುವಾಗ ಅದು ಎದುರಿನವರಿಗೆ ಬಡಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ಸಾಹುಕಾರರು ಬಿಡುತ್ತಿರಲಿಲ್ಲ.

"ಲೇ ಡ್ರೈವರಣ್ಣ, ಒದ್ದೆ ಕಣಲಾ!"

"ಬ್ರೇಕ್ ಫೇಲು ಕಣ್ರೀ ಸಾವ್ಕಾರ್ರೇ, ಏನ್ ಮಾಡನ?" ಎಂದು ಅವರು ಬಗ್ಗಿ, ಇವರ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಹಾಲೆಲ್ಲ ನಗುತ್ತಿತ್ತು. ಇದು ಎಷ್ಟು ಸಲ ನಡೆದರೂ ಹಳೆಯದಾಗಲಿಲ್ಲ.

ಕ್ಲಿನಿಕ್ ಇಲ್ಲದ ದಿನಗಳಲ್ಲೂ ಡ್ರೈವರ್ ಸಾಹೇಬರು ಬೆಳಿಗ್ಗೆ ಅಂಗಡಿಯ ಬೆಂಚಿಗೆ ಬಂದು ಕೂರುತ್ತಿದ್ದರು. ಸಾಹುಕಾರರು ಗೊಬ್ಬರದ ಮೂಟೆಯ ಮೇಲೆ ಬಲಗಾಲು ಚಾಚುತ್ತಿದ್ದರು. ಇವರು ನೋಡಿ "ಓಕೆ, ರೈಟ್ ರೈಟ್" ಎಂದು ಕಂಡಕ್ಟರನ ಹಾಗೆ ಹೇಳುತ್ತಿದ್ದರು. ಆ ನೋಟದಿಂದಲೇ ಒಂದೆರಡು ಸಲ ಆ ಕಾಲು ಉಳಿದಿದೆ. ಕ್ರೆಡಿಟ್ಟು ಮಾತ್ರ ನನಗೆ ಬಂತು.

ಗಲಾಟೆ ಸರ್ಕಲ್ಲಿನಲ್ಲಿ ಬಾವುಟ ಕಟ್ಟುವ ವಿಷಯಕ್ಕೆ ಶುರುವಾಯಿತು. ಎರಡು ಕಡೆಯ ಹುಡುಗರ ಮಾತು ಬೆಳೆದು ಕಲ್ಲಾಯಿತು. ಹಣ್ಣಿನ ಗಾಡಿಗಳು ಮಗುಚಿದವು, ಒಂದು ಮೊಬೈಲ್ ಅಂಗಡಿಯ ಬಾಗಿಲು ಸುಟ್ಟಿತು, ಕೆಲವರ ತಲೆ ಒಡೆಯಿತು. ಯಾರು ಮೊದಲು ಎಂದು ಕೇಳಿದರೆ ಎರಡು ಕಡೆಯವರಿಗೂ ಉತ್ತರ ಖಡಾಖಂಡಿತವಾಗಿ ಗೊತ್ತು, ಆದರೆ ಒಂದೇ ಉತ್ತರ ಅಲ್ಲ. ನಿಷೇಧಾಜ್ಞೆ ಬಂತು, ಹೋಯಿತು. ಆಮೇಲೆ ಬಂದದ್ದು ಮೊಬೈಲಿನ ಮೆಸೇಜು: ಅವರ ಅಂಗಡಿಗೆ ಹೋಗಬೇಡಿ, ಇವರ ಆಟೋ ಹತ್ತಬೇಡಿ. ಕಲ್ಲಿಗಿಂತ ಅದರ ಪೆಟ್ಟು ಜಾಸ್ತಿ. ಕಲ್ಲು ಬಿದ್ದ ಜಾಗ ಕಾಣುತ್ತದೆ.

ತಾಲ್ಲೂಕು ಕಚೇರಿಯಲ್ಲಿ ಶಾಂತಿ ಸಭೆ ಕರೆದರು. ನಮ್ಮ ಫಾದರ್‌ಗೆ ಅಂದು ಬೇರೆ ಊರಿನ ಚರ್ಚಿನಲ್ಲಿ ಪೂಜೆ ಇದ್ದುದರಿಂದ ನಾನು ಹೋದೆ. ಬಿಸ್ಕತ್ತು, ಟೀ. ನಾವೆಲ್ಲ ಅಣ್ಣತಮ್ಮಂದಿರ ಹಾಗಿದ್ದೆವು ಎಂದು ಎಲ್ಲರೂ ಮಾತನಾಡಿದರು. ಹೇಳುವಾಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೊರಡುವಾಗ ಒಬ್ಬ ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದರು.

"ಮೇಡಂ, ನಿಮ್ಮ ಕಾಲಿನ ಕ್ಲಿನಿಕ್ಕು. ಮಂಗಳವಾರ ಒಂದ್ ಕಡೆಯವ್ರಿಗೆ, ಶುಕ್ರವಾರ ಇನ್ನೊಂದ್ ಕಡೆಯವ್ರಿಗೆ ಮಾಡ್ಬಿಡಿ. ನಿಮಗೂ ಟೆನ್ಷನ್ ಇಲ್ಲ, ನಮಗೂ ಇಲ್ಲ."

"ಜೋಡಿಗಳು ಒಡೆದು ಹೋಗ್ತಾವೆ ಸರ್."

"ಸ್ವಲ್ಪ ದಿನ ಒಡೆದೇ ಇರ್ಲಿ ಬಿಡಿ."

ಕೆಟ್ಟ ಮನುಷ್ಯ ಅಲ್ಲ, ಅವರ ಕಣ್ಣಿನ ಕೆಳಗೂ ಕಪ್ಪು ಕಟ್ಟಿತ್ತು. ಯೋಚಿಸುತ್ತೇನೆ ಎಂದು ಬಂದೆ. ಯೋಚಿಸುವ ಅಗತ್ಯವೇ ಬೀಳಲಿಲ್ಲ. ಮಂಗಳವಾರವೂ ಯಾರೂ ಬರಲಿಲ್ಲ, ಶುಕ್ರವಾರವೂ ಬರಲಿಲ್ಲ. ಹಾಲಿಗೆ ಬಂದರೆ ಎದುರು ಯಾರು ಕೂತಿರುತ್ತಾರೋ ಎಂಬ ಅಂಜಿಕೆ ಒಂದು. ಚರ್ಚಿನವರು ಈ ಸಂದರ್ಭ ನೋಡಿ ಜನರನ್ನು ತಮ್ಮ ಮತದೊಳಗೆ ಹಾಕಿಕೊಳ್ಳುತ್ತಾರೆ ಎಂಬ ಮಾತೂ ಅಷ್ಟರಲ್ಲಿ ಎದ್ದಿತ್ತು. ಇಷ್ಟು ವರ್ಷ ಕೀವು ಒರೆಸಿದ ಕೈಗೆ ಅದೂ ಬಂತಲ್ಲ ಎಂದು ಒಂದು ಸಂಜೆ ಅತ್ತೆ. ಅತ್ತು ಮುಗಿಸಿ ಪ್ರೆಶರ್ ಕುಕ್ಕರಿನಲ್ಲಿ ಗಾಜ್ ಬಟ್ಟೆಯನ್ನು ಹಬೆಗೆ ಇಟ್ಟೆ. ಕೈಗೆ ಏನಾದರೂ ಕೆಲಸ ಬೇಕಿತ್ತು.

ನಮಗೆ ಅದು ತಪಸ್ಸುಕಾಲ, ಉಪವಾಸ ಪ್ರಾರ್ಥನೆಯ ದಿನಗಳು. ಈಸ್ಟರಿಗೆ ಮುಂಚಿನ ಗುರುವಾರ ಚರ್ಚಿನಲ್ಲಿ, ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ, ಹನ್ನೆರಡು ಜನರ ಪಾದ ತೊಳೆಯುವ ವಿಧಿ ಇದೆಯಲ್ಲ, ಆ ದಿನಕ್ಕೆ ಫಾದರ್ ಒಂದು ಐಡಿಯಾ ಮಾಡಿದ್ದರು. ಚಿಕ್ಕ ವಯಸ್ಸಿನವರು, ಕೇರಳದ ಕಡೆಯವರು, ಕನ್ನಡದಲ್ಲಿ ಮಲಯಾಳದ ರಾಗ ಇನ್ನೂ ಬಿಟ್ಟಿಲ್ಲ. ಮನಸ್ಸು ಒಳ್ಳೆಯದು.

"ಸಿಸ್ಟರ್, ಈ ವರ್ಷ ಊರಿನ ಎಲ್ಲ ಸಮುದಾಯದವರ ಪಾದ ತೊಳೆಯೋಣ. ನಿಮ್ಮ ಸಾಹುಕಾರರು, ನಿಮ್ಮ ಡ್ರೈವರ್ ಸಾಹೇಬರು ಅಕ್ಕಪಕ್ಕ ಕೂರಲಿ. ಪೇಪರ್‌ನವರನ್ನೂ ಕರೆಯೋಣ. ಶಾಂತಿ ಎನ್ನುವುದು ಜನರಿಗೆ ಕಾಣಿಸಬೇಕಲ್ಲ?"

ನನಗೂ ಒಂದು ಕ್ಷಣ ಆ ಚಿತ್ರ ಕಣ್ಣಿಗೆ ಕಟ್ಟಿತು. ಜೊತೆಗೇ, ಪ್ರತಿ ವರ್ಷ ಆ ಹನ್ನೆರಡು ಗಂಡಸರು ಮನೆಯಲ್ಲೇ ಸೋಪು ಹಾಕಿ, ಕಲ್ಲಿನಿಂದ ಉಜ್ಜಿ, ಉಗುರು ಕತ್ತರಿಸಿ, ಫಳಫಳ ಹೊಳೆಯುವ ಪಾದ ತಂದು ತೊಳೆಸಿಕೊಳ್ಳುವುದು ನೆನಪಾಗಿ ನಗುವೂ ಬಂತು. ಕೊಳೆ ಕಾಲನ್ನು ಯಾರೂ ತರುವುದಿಲ್ಲ, ನಾಚಿಕೆ. ಹಾಗಿರುವಾಗ ಸಾಹುಕಾರರು ಕೀವು ಸೋರುವ ಕಾಲನ್ನು, ಅದೂ ನಮ್ಮ ಚರ್ಚಿನಲ್ಲಿ, ಕ್ಯಾಮೆರಾದ ಮುಂದೆ ಚಾಚಬೇಕೆ? ಮರುದಿನ ಊರಲ್ಲಿ ಏನು ಮಾತು ಹುಟ್ಟುತ್ತದೆ ಎಂದು ಊಹಿಸಲು ದೊಡ್ಡ ಬುದ್ಧಿ ಬೇಡ.

"ಬೇಡ ಫಾದರ್," ಎಂದೆ. "ನೀವು ಅವರ ಕಾಲು ತೊಳೆದರೆ ನಾವು ದೊಡ್ಡವರಾಗ್ತೀವಿ. ಅವರಿಗೆ ಮನೆಗೆ ಹೋಗೋದು ಕಷ್ಟ ಆಗ್ತದೆ."

ಅವರ ಮುಖ ಸಣ್ಣದಾಯಿತು. ನನ್ನ ಮಾತು ಖಾರವಾಯಿತೇನೋ. ವಯಸ್ಸಾದರೆ ಮಾತಿಗೆ ಸಕ್ಕರೆ ಹಾಕುವ ತಾಳ್ಮೆ ಇರುವುದಿಲ್ಲ.

ಆ ವಾರವೇ ಒಂದು ಮಧ್ಯಾಹ್ನ ಸಾಹುಕಾರರ ಸೊಸೆ ತಲೆಯ ಮೇಲೆ ಸೆರಗು ಎಳೆದುಕೊಂಡು ನನ್ನ ಮನೆಗೆ ಬಂದಳು. ಒಳಗೆ ಬಂದು ಕೂರಲಿಲ್ಲ, ಬಾಗಿಲ ಹಿಂದೆ ನಿಂತೇ ಹೇಳಿದಳು.

"ಸಿಸ್ಟರಮ್ಮ, ನೆಲ ಒರಸುವಾಗ ಮಾವಯ್ಯನ ಮಂಚದ ತಾವ ಕಲೆ ಕಾಣ್ತದೆ. ದಿನಾ ಒರಸ್ತೀನಿ, ದಿನಾ ಇರ್ತದೆ. ರೂಮಲ್ಲಿ ವಾಸ್ನೆನೂ ಅದೆ. ಕೇಳುದ್ರೆ ಏನೂ ಇಲ್ಲ ಕಣವ್ವ ಓಗು ಅಂತಾರೆ. ಕಾಲು ತೋರ್ಸಕಿಲ್ಲ."

"ನಿನ್ನ ಗಂಡ ನೋಡಲಿಲ್ವಾ?"

"ಅವ್ರು ಮನೇಲಿ ಎಲ್ಲವ್ರೆ? ಸರ್ಕಲ್ಲು, ಮೀಟಿಂಗು, ಫೋನು." ಅವಳ ದನಿ ಇಳಿಯಿತು. "ಕೋಪ ಮಾಡ್ಕಬೇಡಿ. ಚರ್ಚಿನ ತಾವ ಅಪ್ಪನ್ನ ಕಳಸಕಿಲ್ಲ ಅಂದವ್ರೆ. ನಾ ಬಂದಿದ್ದು ಏಳ್ಬೇಡಿ."

ಬ್ಯಾಗು ತೆಗೆದುಕೊಂಡು ಆ ಸಂಜೆಯೇ ಹೋದೆ. ಸಾಹುಕಾರರು ಮಂಚದ ಮೇಲೆ ಕಾಲು ಮುಚ್ಚಿಕೊಂಡು ಕೂತಿದ್ದರು.

"ಬನ್ನಿ ಸಿಸ್ಟರಮ್ಮ. ಎಲ್ಲಾ ಚೆಂದಾಗದೆ. ಕಾಪಿ ಕುಡೀರಿ, ಓಗಿ."

"ಕಾಫಿ ಆಮೇಲೆ. ಕಾಲು ಕೊಡಿ."

"ಎಣ್ಮಕ್ಕಳು ಓಡಾಡೋ ಮನೇಲಿ ಏನ್ ಕಾಲು ಚಾಚನ ಬುಡಿ."

"ನಾನು ಹೆಣ್ಣಲ್ವಾ?"

"ನೀವು ಸಿಸ್ಟರಮ್ಮ," ಎಂದರು, ಅದು ಗಂಡೂ ಅಲ್ಲ ಹೆಣ್ಣೂ ಅಲ್ಲದ ಮೂರನೆಯ ಜಾತಿ ಎನ್ನುವ ಹಾಗೆ. ಆದರೂ ಕಾಲು ಕೊಟ್ಟರು.

ಕಟ್ಟಿದ್ದ ಬಟ್ಟೆ ಅಂಟಿಕೊಂಡಿತ್ತು. ಉಪ್ಪುನೀರು ಬಿಟ್ಟು ನೆನೆಸಿ ಬಿಡಿಸಿದೆ. ಹುಣ್ಣಿನ ಸುತ್ತ ಚರ್ಮ ಗಟ್ಟಿಯಾಗಿ ದಡ ಕಟ್ಟಿತ್ತು. ಬ್ಲೇಡಿನಿಂದ ದಡವನ್ನು ತೆಳುವಾಗಿ ಕೆರೆದೆ. ಆಮೇಲೆ ಮೊಂಡ ತುದಿಯ ಸ್ಟೀಲ್ ಕಡ್ಡಿಯನ್ನು ಹುಣ್ಣಿನೊಳಗೆ ಮೆಲ್ಲಗೆ ಇಳಿಸಿ ಆಳ ನೋಡಿದೆ. ಮೆತ್ತಗೆ ಹೋಯಿತು, ಹೋಯಿತು, ಗಟ್ಟಿಯಾದದ್ದಕ್ಕೆ ತಾಗಿ ನಿಂತಿತು. ಮೂಳೆಯೋ, ಗಟ್ಟಿ ಪೊರೆಯೋ? ಬೆರಳಿಗೆ ಅನುಮಾನ. ಸಾಹುಕಾರರು ಕಿಟಕಿಯ ಕಡೆ ನೋಡುತ್ತ ಶುಂಠಿ ಬೆಳೆಯ ಬಗ್ಗೆ ಏನೋ ಹೇಳುತ್ತಿದ್ದರು. ಅವರಿಗೆ ಏನೂ ಗೊತ್ತಾಗಿರಲಿಲ್ಲ.

ನಾಳೆಯೇ ಮೈಸೂರಿಗೆ ಹೋಗಿ ಎಂದೆ. ಮಗ ಬಂದ, ಬಾಗಿಲಲ್ಲೇ ನಿಂತ. ಒಂದೆರಡು ದಿನ ನೋಡೋಣ, ಈಗ ಊರು ಬಿಡೋಕೆ ಆಗಲ್ಲ ಎಂದ. ಸಾಹುಕಾರರು ಮೈಸೂರಿನ ಹೆಸರೆತ್ತಿದರೆ ಕಾಲು ಎಳೆದುಕೊಳ್ಳುತ್ತಿದ್ದರು. ಅಲ್ಲಿಗೆ ಹೋದರೆ ಕಾಲು ಬಿಟ್ಟು ಬರಬೇಕು ಎಂಬ ಹೆದರಿಕೆ. ಹುಣ್ಣಿಗೆ ಭಾರ ಬೀಳದ ಹಾಗೆ ಫೆಲ್ಟಿನ ದಪ್ಪ ಬಟ್ಟೆ ಕತ್ತರಿಸಿ ಸುತ್ತ ಅಂಟಿಸಿದೆ, ನಡೆಯಬೇಡಿ ಎಂದೆ. ದಿನವೂ ಸಂಜೆ ಹೋಗಿ ಡ್ರೆಸ್ಸಿಂಗ್ ಮಾಡಿದೆ.

ಅಲ್ಲಿಯೇ ನನ್ನ ತೊಂದರೆ ಶುರುವಾಯಿತು. ನನ್ನ ಒಂದು ಕಣ್ಣಿಗೆ ಪೊರೆ, ಇನ್ನೊಂದಕ್ಕೆ ನಡುವೆ ಮಸುಕು. ಅಂಚುಗಳು ಕಾಣುತ್ತವೆ, ನೇರ ನೋಡಿದ್ದು ಕಾಣುವುದಿಲ್ಲ. ಹಾಲಿನಲ್ಲಿ ಜೋಡಿಗಳು ಗಟ್ಟಿಯಾಗಿ ಹೇಳುತ್ತಿದ್ದರಲ್ಲ, ಅದು ಅವರಿಗೆಷ್ಟು ಬೇಕಿತ್ತೋ ನನಗೂ ಅಷ್ಟೇ ಬೇಕಿತ್ತು. ಈಗ ಆ ರೂಮಿನ ಟ್ಯೂಬ್‌ಲೈಟಿನಲ್ಲಿ, ಪಾದದ ಒಳಬದಿಗೆ ಏನೋ ಬಣ್ಣ ಬದಲಾದ ಹಾಗಿತ್ತು. ಕೆಂಪೋ, ನೆರಳೋ? ಹಳೆಯದೋ, ಇವತ್ತಿನದೋ? ಸೊಸೆಯನ್ನು ಕರೆದರೆ ಸಾಹುಕಾರರು ಕಾಲು ಮಡಚಿಕೊಂಡರು. ಮಗ ಫೋನಿನ ಟಾರ್ಚು ಹಿಡಿದು, ಮುಖ ಅತ್ತ ತಿರುಗಿಸಿ, "ನಂಗೆ ಗೊತ್ತಾಯ್ತಿಲ್ಲ ಸಿಸ್ಟರಮ್ಮ" ಎಂದ. ಹೇಗೆ ಗೊತ್ತಾಗಬೇಕು? ನಿನ್ನೆಯ ಕಾಲನ್ನು ನೋಡಿದವರಿಗೆ ಮಾತ್ರ ಇವತ್ತಿನ ಕಾಲು ಅರ್ಥವಾಗುವುದು.

ನಮ್ಮ ನರ್ಸಿಂಗ್ ಸ್ಕೂಲಿನಲ್ಲಿ ಒಬ್ಬ ಐರಿಷ್ ಮದರ್ ಇದ್ದರು. ವಾರ್ಡಿನಲ್ಲಿ ನಮ್ಮ ಕಣ್ಣಲ್ಲಿ ನೀರು ಕಂಡರೆ, "ಲುಕ್ ಫಸ್ಟ್, ಗರ್ಲ್ಸ್, ಪಿಟಿ ಲೇಟರ್" ಎನ್ನುತ್ತಿದ್ದರು: ಮೊದಲು ನೋಡಿ, ಮರುಕ ಆಮೇಲೆ. ಆಗ ಎಷ್ಟು ಕಲ್ಲು ಮನಸ್ಸು ಎನಿಸಿತ್ತು. ಕರುಣೆ ಎಂದರೆ ಮೊದಲು ಸರಿಯಾಗಿ ನೋಡುವುದು ಎಂದು ಅವರು ಹೇಳುತ್ತಿದ್ದರೇನೋ. ಈಗ ಕರುಣೆ ಬೇಕಾದಷ್ಟಿತ್ತು, ನೋಡಲು ಕಣ್ಣೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಡ್ರೈವರ್ ಸಾಹೇಬರ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದರು, ಗಡ್ಡ ಬೆಳೆದಿತ್ತು.

"ಬನ್ನಿ ಸಿಸ್ಟರಮ್ಮ. ನೀವಾದ್ರೂ ಬಂದ್ರಿ."

ವಿಷಯ ಹೇಳಿದೆ. ಅವರಿಂದ ಒಂದೊಂದೇ ಮಾತು ಬಂತು.

"ನಮ್ಮ ತಮ್ಮನ ಮಗಂದು ಹಣ್ಣಿನ ಗಾಡಿ ಮಗುಚಾಕಿದ್ರಲ್ಲ, ಆ ಗುಂಪಲ್ಲಿ ಅವ್ರ ಮಗ ನಿಂತಿದ್ದ. ಗಾಡಿ ಮುಟ್ಲಿಲ್ಲ ಅಂತಾರೆ. ನಿಂತಿದ್ನಲ್ಲ? ಅವ್ನು ಕೂಸಿದ್ದಾಗ ನನ್ನ ಸ್ಟೇರಿಂಗ್ ಹಿಡ್ಕೊಂಡು ಪೋಂ ಪೋಂ ಅಂತಿದ್ದ. ಸಾವ್ಕಾರ್ರು ಒಂದು ಫೋನ್ ಮಾಡುದ್ರಾ? ಒಂದು ಮಾತು, 'ಡ್ರೈವರಣ್ಣ, ಎಂಗಿದ್ದಿಯಾ' ಅಂತ? ಈಗ ಅವ್ರ ಕಾಲು ನೋಡಕ್ಕೆ ನಾನು ಬೇಕಾ?"

ಕ್ಷಮಿಸಿಬಿಡಿ ಎಂದು ಹೇಳುವುದು ನಮ್ಮವರಿಗೆ ಬಾಯಿಪಾಠ. ಆದರೆ ಆ ಜಗಲಿಯ ಮೇಲೆ ಕೂತು, ಗಾಡಿ ಕಳೆದುಕೊಂಡವರ ಮನೆಯಲ್ಲಿ, ನಾನು ಯಾರ ಪರವಾಗಿ ಅದನ್ನು ಕೇಳಲಿ? ಏನೂ ತೋಚದೆ, "ನಿಮ್ಮ ಕಾಲು ಕೊಡಿ ಇಲ್ಲಿ" ಎಂದೆ.

ಹಿಮ್ಮಡಿಯ ಪಕ್ಕದಲ್ಲಿ ನೀರುಗುಳ್ಳೆ ಎದ್ದು ಒಡೆದಿತ್ತು. ನನ್ನ ಕಣ್ಣಿಗೂ ಕಂಡಿತು, ಅಷ್ಟು ದೊಡ್ಡದು. ಮೊಮ್ಮಗನ ಬೈಕಿನ ಹಿಂದೆ ಕೂತಾಗ ಸೈಲೆನ್ಸರ್ ತಾಗಿರಬೇಕು.

"ಅಯ್ಯೋ ಅಲ್ಲಾ! ಇದು ಯಾವಾಗ?" ಎಂದರು ಅವರೇ ಬೆರಗಾಗಿ. ಗಲಾಟೆಯ ನಂತರ ಅವರ ಕಾಲನ್ನೂ ಯಾರೂ ನೋಡಿರಲಿಲ್ಲ.

ತೊಳೆದು, ಒರೆಸಿ, ಕಟ್ಟಿದೆ. ಕಟ್ಟು ಮುಗಿಯುತ್ತಿದ್ದಂತೆ ಅವರು ಬೀದಿಯ ಕಡೆ ನೋಡುತ್ತ, ಯಾರನ್ನೋ ಕೇಳುವ ಹಾಗೆ ಕೇಳಿದರು.

"ಅವ್ರ ಹೆಬ್ಬೆಟ್ಟಿನ ಬುಡದ್ದು ಎಂಗದೆ? ಅಂಚು ಬೆಳ್ಳಗದಾ, ಕಪ್ಪಾಗದಾ?"

"ನನಗೆ ಕಾಣೋದಿಲ್ಲ ಡ್ರೈವರ್ ಸಾಹೇಬರೇ," ಎಂದೆ. "ನನ್ನ ಕಣ್ಣು ಹೋಗ್ತಾ ಇದೆ. ಯಾರಿಗೂ ಹೇಳಿಲ್ಲ."

ಅವರು ನನ್ನ ಮುಖ ನೋಡಿದರು. "ಅವ್ರ ಅಂಗಡಿಗೆ ನಾ ಬರಾಕಿಲ್ಲ. ನಮ್ಮ ಬೀದಿಗೆ ಅವ್ರು ಬರಾಕಿಲ್ಲ. ನಿಮ್ಮ ಚರ್ಚಿಗೆ ಇಬ್ರೂ ಬರಂಗಿಲ್ಲ. ಎಲ್ಲಿ ನೋಡ್ಲಿ ಏಳಿ?" ಎಂದರು.

ಮನೆಗೆ ನಡೆದು ಬರುವಾಗ ಆ ಪ್ರಶ್ನೆಯೇ ತಲೆಯಲ್ಲಿತ್ತು. ನಮ್ಮ ಹಾಲು ಎಲ್ಲರದ್ದು ಎಂದು ನಾನು ತಿಳಿದಿದ್ದೆ. ಗೋಡೆಯ ಮೇಲಿನ ಶಿಲುಬೆ ನನಗೆ ಎಷ್ಟು ರೂಢಿಯಾಗಿತ್ತೆಂದರೆ ಅದು ಬೇರೆಯವರಿಗೆ ಕಾಣುತ್ತದೆ ಎನ್ನುವುದೇ ಮರೆತಿತ್ತು. ಒಳ್ಳೆಯ ದಿನಗಳಲ್ಲಿ ಯಾರಿಗೂ ಅದು ಅಡ್ಡ ಬರಲಿಲ್ಲ. ಈಗ ಬರುತ್ತಿತ್ತು. ಅಡುಗೆಮನೆಗೆ ಬಂದು ಸಂಜೆಯ ಡ್ರೆಸ್ಸಿಂಗಿಗೆಂದು ಕುದಿದ ನೀರಿಗೆ ಉಪ್ಪು ಹಾಕಿ ಕಲಕಿದೆ. ಭೂಮಿಗೆ ಉಪ್ಪಾಗಿರಬೇಕು ಎಂಬ ಯೇಸುವಿನ ಮಾತಿನ ಮೇಲೆ ನಾವು ಚಿಕ್ಕಂದಿನಿಂದ ಚರ್ಚಿನಲ್ಲಿ ಎಷ್ಟು ಪ್ರಸಂಗ ಕೇಳಿಲ್ಲ? ಉಪ್ಪು ಕರಗಿತು. ನೀರು ನೀರಿನ ಹಾಗೇ ಕಂಡಿತು. ಗಾಯಕ್ಕೆ ಬೇಕಾದದ್ದು ಅದರಲ್ಲಿತ್ತು.

ಫಾದರ್ ಹತ್ತಿರ ಹೋಗಿ ಹೇಳಿದೆ: ಕ್ಲಿನಿಕ್ಕನ್ನು ಇಲ್ಲಿಂದ ತೆಗೆಯುತ್ತೇನೆ, ಸರ್ಕಾರಿ ಆಸ್ಪತ್ರೆಗೆ ಕೊಡುತ್ತೇನೆ. ಸ್ಟೂಲು, ಬೇಸಿನ್ನು, ಕುಕ್ಕರು ಎಲ್ಲ. ಚರ್ಚಿನ ಹೆಸರಿನ ಬೋರ್ಡು ಬೇಡ.

"ಇಷ್ಟು ವರ್ಷದ ಸೇವೆ, ಸಿಸ್ಟರ್. ನಮ್ಮದು ಎಂದು ಹೇಳಿಕೊಳ್ಳಲು ಇದೊಂದೇ ಇತ್ತು."

"ಹೌದು ಫಾದರ್. ನನಗೂ ಹೊಟ್ಟೆ ಉರೀತದೆ."

ಅವರು ಪೇಪರ್‌ವೇಟನ್ನು ತಿರುಗಿಸಿಟ್ಟರು. "ಸಾಮಾನು ಸಾಗಿಸಲು ನನ್ನ ಜೀಪು ತೆಗೆದುಕೊಳ್ಳಿ" ಎಂದರು. ಅವರ ಐಡಿಯಾಗಿಂತ ಆ ಜೀಪು ದೊಡ್ಡದು ಎಂದು ಹೇಳಬೇಕಿತ್ತು.

ಆಸ್ಪತ್ರೆಯ ವೈದ್ಯಾಧಿಕಾರಿ ಹೆಣ್ಣುಮಗಳು, ಹೊರಗೆ ಸಾಲು, ಒಳಗೆ ಸಾಲು, ತಲೆ ಎತ್ತಲು ಪುರುಸೊತ್ತಿಲ್ಲ. ಡ್ರೆಸ್ಸಿಂಗ್ ರೂಮಿನ ಮುಂದಿನ ವರಾಂಡದ ಮೂಲೆ ತೋರಿಸಿ, "ಅಲ್ಲಿ ಕೂತ್ಕೊಳ್ಳಿ ಆಂಟಿ. ಸಿರಿಯಸ್ ಇದ್ರೆ ನನ್ನ ಕೂಗಿ" ಎಂದಳು. ಒಂದು ಇಂಟರ್‌ವ್ಯೂ ಇಲ್ಲ, ಒಂದು ಅರ್ಜಿ ಇಲ್ಲ. ನಾನು ಮನಸ್ಸಿನಲ್ಲೇ ತಯಾರಿಸಿಕೊಂಡಿದ್ದ ಭಾಷಣ ಹಾಗೇ ಉಳಿಯಿತು.

ಆ ಸಂಜೆ ಸಾಹುಕಾರರಿಗೆ ಚಳಿ ಜ್ವರ ಬಂದಿತ್ತು. ಮಗನಿಗೆ ಹೇಳಿದೆ: "ಚರ್ಚು ಬೇಡ. ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಬಾ. ಅದಕ್ಕೂ ಆಗಲ್ಲ ಅಂದರೆ ನಿಮ್ಮ ಅಪ್ಪನ ಕಾಲು ನಿನ್ನ ತಲೆಯ ಮೇಲೆ." ಜ್ವರ ಅವನನ್ನೂ ಹೆದರಿಸಿತ್ತು. ಆದರೆ ಅಲ್ಲಿ ಯಾರಿರುತ್ತಾರೆ ಎಂದು ನಾನು ಹೇಳಲಿಲ್ಲ.

ಬೆಳಿಗ್ಗೆ ಮಗ ಅಪ್ಪನನ್ನು ವೀಲ್‌ಚೇರಿನಲ್ಲಿ ತಳ್ಳಿಕೊಂಡು ಬಂದ. ವರಾಂಡದ ಬೆಂಚಿನ ಮೇಲೆ, ಬಿಳಿ ಟೋಪಿ ಹಾಕಿಕೊಂಡು, ಕಟ್ಟು ಕಟ್ಟಿದ ಕಾಲು ಚಾಚಿ, ನಾನು ಹೇಳಿಕಳಿಸಿದ್ದಕ್ಕೆ ಡ್ರೈವರ್ ಸಾಹೇಬರು ಬಂದು ಕೂತಿದ್ದರು. ಮಗ ನಿಂತುಬಿಟ್ಟ. ಸುತ್ತ ಬಾಣಂತಿಯರು, ನಾಯಿ ಕಚ್ಚಿಸಿಕೊಂಡವರು, ಎನ್. ಬೇಗೂರಿನ ಕಡೆಯಿಂದ ಬಸ್ಸಿಳಿದು ಬಂದು ಚೀಟಿಗಾಗಿ ನಿಂತವರು, ಎಲ್ಲರೂ ತಮ್ಮ ತಮ್ಮ ನೋವಿನಲ್ಲಿದ್ದರು. ಈ ಇಬ್ಬರನ್ನು ನೋಡಲು ಅಲ್ಲಿ ಯಾರಿಗೂ ಬಿಡುವಿರಲಿಲ್ಲ. ಅದು ಎಷ್ಟು ದೊಡ್ಡ ಅನುಕೂಲ ಎಂದು ನನಗೆ ಆಗ ಗೊತ್ತಾಯಿತು.

ಕಟ್ಟು ಬಿಚ್ಚಿದೆ. "ನೋಡಿ," ಎಂದೆ.

ಡ್ರೈವರ್ ಸಾಹೇಬರು ಬೆಂಚಿನ ಮೇಲೆ ಸರಿದು ಬಂದರು. ಸಾಹುಕಾರರ ಪಾದವನ್ನು ಎರಡೂ ಕೈಯಿಂದ ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡರು. ಬೆಳಕಿಗೆ ತಿರುಗಿಸಿದರು.

"ಅಂಚು ಕಪ್ಪಾಗದೆ," ಎಂದರು. ದನಿಯಲ್ಲಿ ಏನೂ ಇರಲಿಲ್ಲ. "ಒಳಬದಿಗೆ ಕೆಂಪು ಗೆರೆ. ಕಾಲಿನ ಗಿಣ್ಣಿನ ತನಕ ಓಗದೆ. ಇದು ಮೊದ್ಲು ಇರ್ಲಿಲ್ಲ ಸಿಸ್ಟರಮ್ಮ. ಇದು ಒಸದು."

ಡಾಕ್ಟರನ್ನು ಕೂಗಿದೆ. ಅವಳು ಬಂದು ನೋಡಿದಳು, ಒತ್ತಿದಳು, ಇಂಜೆಕ್ಷನ್ ಬರೆದಳು, ಆಂಬುಲೆನ್ಸಿಗೆ ಫೋನ್ ಮಾಡಿದಳು. ಮೈಸೂರಿಗೆ, ಈಗಲೇ. ಸಾಹುಕಾರರು ಕಾಲು ಎಳೆದುಕೊಳ್ಳಲು ನೋಡಿದರು. ಎಳೆಯಲು ಆಗಲಿಲ್ಲ. ಡ್ರೈವರ್ ಸಾಹೇಬರು ಹಿಡಿದಿದ್ದರು.

"ಓಗಿ ಬನ್ನಿ," ಎಂದರು. ಅಷ್ಟೇ.

ಆಂಬುಲೆನ್ಸಿನ ಬಾಗಿಲು ಹಾಕುವಾಗ ಮಗ ಡ್ರೈವರ್ ಸಾಹೇಬರ ಕಡೆ ತಿರುಗಿದ. ಏನೋ ಹೇಳಲು ಬಾಯಿ ತೆರೆದ. ಅವರು ಕಾಯಲಿಲ್ಲ.

ಹೆಬ್ಬೆರಳು ಮತ್ತು ಅದರ ಬುಡದ ಮೂಳೆ ಹೋಯಿತು. ಕಾಲು ಉಳಿಯಿತು. ಇನ್ನೊಂದೆರಡು ದಿನ ತಡವಾಗಿದ್ದರೆ ಎಂದು ಸರ್ಜನ್ ಹೇಳಿದರಂತೆ. ಆ ವಾಕ್ಯವನ್ನು ಅವರು ಪೂರ್ತಿ ಮಾಡಲಿಲ್ಲವಂತೆ.

ಸಾಹುಕಾರರು ವಾಪಸು ಬಂದ ಮೇಲೆ ಮಂಗಳವಾರ, ಶುಕ್ರವಾರ ವರಾಂಡದ ಮೂಲೆಯಲ್ಲಿ ಕೆಲಸ ಮತ್ತೆ ಶುರುವಾಯಿತು. ಸುಖಾಂತವೆಂದು ತಿಳಿಯಬೇಡಿ. ಹಳೆಯ ಜೋಡಿಗಳಲ್ಲಿ ಕೆಲವರು ಬರಲೇ ಇಲ್ಲ. ಬಂದವರು ಎರಡು ಬೆಂಚಿನಲ್ಲಿ ಎರಡು ಊರಾಗಿ ಕೂತರು. ನಾನು ಸ್ಟೂಲು ಎದುರುಬದುರು ಹಾಕುತ್ತಿದ್ದೆ, ಅವರು ಓರೆಯಾಗಿ ಸರಿಸಿಕೊಳ್ಳುತ್ತಿದ್ದರು. ಸರ್ಕಲ್ಲಿನಲ್ಲಿ ಪೊಲೀಸ್ ವ್ಯಾನು ನಿಂತೇ ಇತ್ತು. ಸಾಹುಕಾರರೂ ಡ್ರೈವರ್ ಸಾಹೇಬರೂ ಮಾತ್ರ ಎದುರುಬದುರು ಕೂತರು. ಆದರೆ ಮಾತಿಲ್ಲ. "ಕೆಂಪಿಲ್ಲ," "ಒಲಿಗೆ ಬಿಚ್ಚಿಲ್ಲ," ಅಷ್ಟೇ. ಇವರದನ್ನು ಅವರು ನೋಡಿದರು, ಅವರದನ್ನು ಇವರು. ನೋಡಿ, ಕಾಲು ಕೆಳಗಿಳಿಸಿ, ಬೇರೆ ಬೇರೆ ಆಟೋದಲ್ಲಿ ಹೋದರು.

ಗುರುವಾರ ಚರ್ಚಿನಲ್ಲಿ ಫಾದರ್ ಎಂದಿನ ಹನ್ನೆರಡು ಜನರ, ಎಂದಿನಂತೆ ಮನೆಯಲ್ಲೇ ಉಜ್ಜಿ ತಂದ ಪಾದಗಳನ್ನು ತೊಳೆದರು. ಪೇಪರ್‌ನವರು ಇರಲಿಲ್ಲ. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕೈಯಲ್ಲಿ ಆಸ್ಪತ್ರೆಯ ಲೋಷನ್ ವಾಸನೆ. ಪ್ರಾರ್ಥನೆ ಮಾಡಲು ನೋಡಿದೆ, ಬರಲಿಲ್ಲ, ಸುಸ್ತು. ಕೆಂಪು ಗೆರೆ ಕಾಣುವಷ್ಟು ಕಣ್ಣು ಯಾರಿಗಾದರೂ ಉಳಿದಿರಲಿ ಎಂದುಕೊಂಡೆ. ಅದನ್ನೇ ಪ್ರಾರ್ಥನೆ ಎಂದು ಲೆಕ್ಕ ಹಾಕಿಕೊಳ್ಳಲಿ ಎಂದು ಮೇಲಿನವನಿಗೆ ಬಿಟ್ಟೆ.

ಈಸ್ಟರ್ ಕಳೆದ ಮೇಲೆ ಒಂದು ಶುಕ್ರವಾರ. ಡ್ರೈವರ್ ಸಾಹೇಬರ ಹಿಮ್ಮಡಿ ಪೂರ್ತಿ ವಾಸಿಯಾಗಿತ್ತು. ನಾನು ನೆಲದ ಮೇಲೆ ಕೂತು ಸಾಹುಕಾರರ ಕಾಲಿಗೆ ಬ್ಯಾಂಡೇಜ್ ಸುತ್ತುತ್ತಿದ್ದೆ. ಡ್ರೈವರ್ ಸಾಹೇಬರು ಜುಮ್ಮಾ ನಮಾಜಿಗೆ ಹೊತ್ತಾಯಿತೆಂದು ಎದ್ದರು. ಏಳುವಾಗ ಅವರ ಕಾಲು ಸ್ಟೂಲಿಗೆ ಸಿಕ್ಕಿ, ಜಾರಿ, ಸಾಹುಕಾರರ ಮೊಣಕಾಲಿಗೆ ಬಡಿಯಿತು. ಜೋರಾಗಿಯೇ ಬಡಿಯಿತು. ಡ್ರೈವರ್ ಸಾಹೇಬರಿಗೆ ಗೊತ್ತಾಗಲಿಲ್ಲ. ಚಪ್ಪಲಿಯ ಬೆಲ್ಟು ಸರಿ ಮಾಡಿಕೊಳ್ಳುತ್ತ ನಿಂತರು.

ಎರಡೂ ಬೆಂಚಿನವರು ನೋಡಿದ್ದರು. ಇಂಥ ದಿನಗಳಲ್ಲಿ ಒಬ್ಬರ ಕಾಲು ಇನ್ನೊಬ್ಬರಿಗೆ ಬಡಿಯುವುದೆಂದರೆ ಏನೂ ಆಗಬಹುದು. ನನ್ನ ಕೈಯಲ್ಲಿ ಬ್ಯಾಂಡೇಜಿನ ಉಂಡೆ ಹಾಗೇ ನಿಂತಿತು. ಸಾಹುಕಾರರ ಮಗ ಗೋಡೆಗೊರಗಿ ನಿಂತಿದ್ದವನು ನೆಟ್ಟಗಾದ.

ಸಾಹುಕಾರರು ತಮ್ಮ ಮೊಣಕಾಲನ್ನೇ ನೋಡುತ್ತಿದ್ದರು. ಕೊರಳ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡರು.

"ಲೇ ಡ್ರೈವರಣ್ಣ," ಎಂದರು. "ಒದ್ದೆ ಕಣಲಾ."

ಡ್ರೈವರ್ ಸಾಹೇಬರು ತಿರುಗಿದರು. ಮೆಲ್ಲಗೆ, ಬೆಂಚನ್ನು ಹಿಡಿದುಕೊಂಡು, ಬಗ್ಗಿದರು. ಮೊಣಕಾಲು ಮುಟ್ಟಿದರು, ಕಣ್ಣಿಗೊತ್ತಿಕೊಂಡರು. ಕೈಯನ್ನು ಕಣ್ಣಿನಿಂದ ಬೇಗ ತೆಗೆಯಲಿಲ್ಲ.

"ಬ್ರೇಕು," ಎಂದರು.

"ಫೇಲು," ಎಂದರು ಸಾಹುಕಾರರು. "ಗೊತ್ತು ಕಣ ಬುಡು. ಎಲ್ರುದೂ ಫೇಲಾಗಿತ್ತು."

ಅವರು ಅಲುಗಾಡಿದ್ದಕ್ಕೆ ನನ್ನ ಬ್ಯಾಂಡೇಜು ಸಡಿಲವಾಗಿತ್ತು. ಕಟ್ಟು ಇನ್ನೂ ಮುಗಿದಿಲ್ಲ, ಇಬ್ಬರೂ ಸುಮ್ಮನೆ ಕೂತುಕೊಳ್ಳಿ ಎಂದು ಗದರಿಸಿದೆ. ಬಿಚ್ಚಿ, ಮೊದಲಿನಿಂದ ಸುತ್ತಲು ಶುರು ಮಾಡಿದೆ.